ಕಾಳಗದ ಕೊನೆ: ಮಲ್ಲವಿದ್ಯೆಗಳ ತೌಲನಿಕ ಅಧ್ಯಯನಕ್ಕೆ ಒಂದು ಮಾನದಂಡ

೧

ಬೇರೆ ಬೇರೆ ದೇಶಗಳಲ್ಲಿ, ಬೇರೆ ಬೇರೆ ಕಾಲಗಳಲ್ಲಿ ಬೆಳೆದು ಬಂದ ಮಲ್ಲವಿದ್ಯೆಗಳನ್ನು ಒಂದರೊಡನೊಂದು ಹೋಲಿಸಿ ನೋಡುವ ಕುತೂಹಲ ಹೊಸದೇನೂ ಅಲ್ಲ. ಕುಸ್ತಿ ಮೇಲೋ ಮುಷ್ಟಿಯುದ್ಧ ಮೇಲೋ, ಜಪಾನಿನ ಜೂಡೋಪಟುವಿನ ಮುಂದೆ ನಮ್ಮ ಪೈಲ್ವಾನನು ನಿಲ್ಲಬಲ್ಲನೋ ಇಲ್ಲವೋ ಎಂಬ ಬಗೆಯ ಪ್ರಶ್ನೆಗಳು ಗರಡಿಮನೆಯ ಜಗಲಿಯಲ್ಲಿಯೂ ವಿದ್ಯಾರ್ಥಿನಿಲಯದ ಪಡಸಾಲೆಯಲ್ಲಿಯೂ ಸಮನಾಗಿ ಕೇಳಿಬರುತ್ತವೆ. ಇವುಗಳಿಗೆ ದೊರೆಯುವ ಉತ್ತರಗಳು ಸಾಮಾನ್ಯವಾಗಿ ಎರಡು ಬಗೆಯವು. ತಮ್ಮ ವಿದ್ಯೆಯ ಪ್ರಾಚೀನತೆಯನ್ನು ಮುಂದಿಟ್ಟು ಅದರ ಹಿರಿಮೆಯನ್ನು ಸಾಧಿಸುವುದು ಒಂದು ಬಗೆ; ಪಟ್ಟುಗಳ ಸಂಖ್ಯೆಯನ್ನೂ ಏಟಿನ ಬಲವನ್ನೂ ಎಣಿಸಿ ತೂಗುವುದು ಇನ್ನೊಂದು ಬಗೆ. ಇವೆರಡರಿಂದಲೂ ಇತಿಹಾಸದ ವಿದ್ಯಾರ್ಥಿಗೆ ದೊರೆಯುವ ಪ್ರಯೋಜನ ಅಲ್ಪ. ಪ್ರಾಚೀನತೆಯ ವಾದವು ಅಭಿಮಾನದಲ್ಲಿ ಮುಗಿಯುತ್ತದೆ. ಬಲದ ಲೆಕ್ಕವು ಆಯಾ ಕಾಳಗದ ನಿಯಮವನ್ನು ಮರೆತುಬಿಡುತ್ತದೆ.

ಪ್ರಕೃತ ಲೇಖನದಲ್ಲಿ ಬೇರೊಂದು ಮಾನದಂಡವನ್ನು ಸೂಚಿಸಲು ಯತ್ನಿಸಲಾಗಿದೆ. ಯಾವುದೇ ಕಾಳಗವನ್ನು ಕುರಿತು ನಾವು ಮೊದಲು ಕೇಳಬೇಕಾದ ಪ್ರಶ್ನೆ ಇದು: ಅದು ಎಲ್ಲಿಗೆ ಮುಗಿಯುತ್ತದೆ, ಮತ್ತು ಮುಗಿಯಿತೆಂದು ಹೇಳುವ ಅಧಿಕಾರ ಯಾರದು? ಯುದ್ಧಕ್ಕೂ ಮಲ್ಲವಿದ್ಯೆಗೂ ಇರುವ ಅಂತರ ಇಲ್ಲಿಯೇ ಅಡಗಿದೆ. ರಣರಂಗದಲ್ಲಿ ಕೊನೆಯನ್ನು ಯಾರೂ ಮುಂದಾಗಿ ಗೊತ್ತುಮಾಡಿರುವುದಿಲ್ಲ. ಅಖಾಡದಲ್ಲಿ ಮೊದಲ ಪಟ್ಟು ಬೀಳುವುದಕ್ಕೆ ಮುಂಚೆಯೇ ಅದು ಗೊತ್ತಾಗಿರುತ್ತದೆ. ರನ್ನನ ಗದಾಯುದ್ಧವನ್ನು ಓದಿದ ಕನ್ನಡಿಗರಿಗೆ ಈ ವಿಷಯ ಅಪರಿಚಿತವಲ್ಲ. ನಾಭಿಯ ಕೆಳಗೆ ಹೊಡೆಯಬಾರದೆಂಬ ನಿಯಮವಿದ್ದ ದ್ವಂದ್ವದಲ್ಲಿ ಭೀಮನು ದುರ್ಯೋಧನನ ತೊಡೆಯನ್ನು ಮುರಿದನೆಂಬುದು ಮಹಾಭಾರತದ ಕಥೆ. ಯುದ್ಧದ ಕೊನೆಯನ್ನು ತಲುಪಲು ಅವನು ದ್ವಂದ್ವದ ನಿಯಮವನ್ನು ದಾಟಬೇಕಾಯಿತು. ಬಲರಾಮನ ಕೋಪಕ್ಕೆ ಕಾರಣವೂ ಅದೇ. ಒಂದೇ ಹೋರಾಟವು ಭೀಮನಿಗೆ ಯುದ್ಧ, ಬಲರಾಮನಿಗೆ ವಿದ್ಯೆ.

ಮಲ್ಲವಿದ್ಯೆಗಳಲ್ಲಿ ಕಾಳಗದ ಕೊನೆಯನ್ನು ನಿರ್ಣಯಿಸುವ ರೀತಿಗಳನ್ನು ಸ್ಥೂಲವಾಗಿ ನಾಲ್ಕಾಗಿ ವಿಂಗಡಿಸಬಹುದು. ಮೊದಲನೆಯದು ಪ್ರಭುವಿನ ಸನ್ನೆ, ಎರಡನೆಯದು ಸೋತವನ ಒಪ್ಪಿಗೆ, ಮೂರನೆಯದು ದೇಹದ ಮೇಲೆ ಕಾಣುವ ಗುರುತು, ಎಂದರೆ ಬೆನ್ನು ನೆಲಕ್ಕೆ ತಾಗುವುದು ಅಥವಾ ರಕ್ತ ಕಾಣಿಸುವುದು, ನಾಲ್ಕನೆಯದು ಗಡಿಯಾರ. ಇವು ಒಂದರೊಡನೊಂದು ಬೆರೆತಿರುವುದೂ ಉಂಟು. ಆದರೆ ಪ್ರತಿಯೊಂದು ರೀತಿಯೂ ಹೋರಾಡುವವನ ದೇಹವನ್ನು ಒಂದು ಕಡೆಯಿಂದ ಕಾಪಾಡುತ್ತದೆ, ಇನ್ನೊಂದು ಕಡೆಯಿಂದ ಅಪಾಯಕ್ಕೆ ಒಡ್ಡುತ್ತದೆ. ವಿದ್ಯೆಯ ಒಂದು ಭಾಗವನ್ನು ಬೆಳೆಸುತ್ತದೆ, ಇನ್ನೊಂದು ಭಾಗವನ್ನು ಒಣಗಿಸುತ್ತದೆ. ಇದನ್ನು ಕೆಲವು ನಿದರ್ಶನಗಳಿಂದ ಪರಿಶೀಲಿಸೋಣ.

೨

ಕನ್ನಡನಾಡಿನ ಮಲ್ಲವಿದ್ಯೆಯ ವಿಷಯದಲ್ಲಿ ಸವಿಸ್ತಾರವಾದ ಶಾಸ್ತ್ರೀಯ ವಿವರಣೆಯನ್ನು ಕೊಡುವ ಗ್ರಂಥ ಮಾನಸೋಲ್ಲಾಸ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದ ಮೂರನೆಯ ದಶಕದ ಸುಮಾರಿಗೆ ಸಂಸ್ಕೃತದಲ್ಲಿ ರಚಿಸಿದ ಈ ಕೃತಿ ಐದು ವಿಂಶತಿಗಳಾಗಿ ವಿಭಾಗಗೊಂಡಿದ್ದು, ನಾಲ್ಕನೆಯದರಲ್ಲಿ ರಾಜನ ಇಪ್ಪತ್ತು ವಿನೋದಗಳು ವರ್ಣಿತವಾಗಿವೆ. ಮಲ್ಲವಿನೋದವು ಅವುಗಳಲ್ಲಿ ಒಂದು. ಮಲ್ಲರನ್ನು ದೇಹ, ಶಕ್ತಿ ಮತ್ತು ನೈಪುಣ್ಯಗಳನ್ನು ನೋಡಿ ಜ್ಯೇಷ್ಠಿಕ ಮೊದಲಾದ ದರ್ಜೆಗಳಾಗಿಯೂ, ವಯಸ್ಸನ್ನನುಸರಿಸಿ ಭವಿಷ್ಣು, ಪ್ರರೂಢ ಎಂದೂ ವಿಂಗಡಿಸಲಾಗಿದೆ. ಭಾರ ಎತ್ತುವುದು, ನಡೆಯುವುದು, ಈಜುವುದು, ಕಂಬದೊಡನೆ ಹೆಣಗುವುದು ಮುಂತಾದ ಶ್ರಮಗಳನ್ನೂ ಮಲ್ಲರ ಆಹಾರವನ್ನೂ ಗ್ರಂಥಕರ್ತನು ಹೇಳಿರುತ್ತಾನೆ.

ನಮ್ಮ ಪ್ರಶ್ನೆಗೆ ಮುಖ್ಯವಾದದ್ದು ಈ ಅಧ್ಯಾಯವು ಇರುವ ಸ್ಥಾನ. ಮಲ್ಲವಿನೋದದ ಹಿಂದೆ ಅಂಕವಿನೋದ, ಎಂದರೆ ರಾಜನ ಸನ್ನಿಧಿಯಲ್ಲಿ ನಡೆಯುವ ಆಯುಧಸಹಿತವಾದ ದ್ವಂದ್ವ. ಮುಂದೆ ಕೋಳಿ, ಲಾವುಗೆ, ಟಗರು, ಕೋಣಗಳ ಕಾಳಗ. ಇವೆಲ್ಲವೂ ಒಂದೇ ಸಾಲಿನಲ್ಲಿ ಬರಲು ಕಾರಣವೇನು? ಹೋರಾಡುವವನು ಯಾರೇ ಆಗಲಿ, ಏನೇ ಆಗಲಿ, ನೋಡುವವನು ರಾಜನೆಂಬುದೇ ಇವುಗಳನ್ನು ಕೂಡಿಸುವ ಸೂತ್ರ. ಕರಾವಳಿಯ ‘ಕೋಳಿ ಅಂಕ’ ಎಂಬ ಮಾತಿನಲ್ಲಿ ಆ ಅಂಕ ಶಬ್ದ ಇಂದಿಗೂ ಉಳಿದಿದೆ. ಅಂಕಕಾರನೆಂಬ ವೀರನ ಹೆಸರು ಮಾತ್ರ ಹಳೆಯ ಕಾವ್ಯಗಳಿಗೂ ನಿಘಂಟುಗಳಿಗೂ ಸೇರಿಹೋಗಿದೆ.

ಪ್ರಭುವಿನ ಅಧಿಕಾರದಲ್ಲಿ ನಡೆಯುವ ಕಾಳಗದ ಸ್ವರೂಪವನ್ನು ವಿಜಯನಗರಕ್ಕೆ ಬಂದ ಪೋರ್ಚುಗೀಸರ ಬರಹಗಳಲ್ಲಿ ಇನ್ನೂ ಸ್ಪಷ್ಟವಾಗಿ ಕಾಣಬಹುದು. ಕೃಷ್ಣದೇವರಾಯನ ಕಾಲದಲ್ಲಿ, ಸುಮಾರು ೧೫೨೦ರಲ್ಲಿ, ಮಹಾನವಮಿಯನ್ನು ನೋಡಿದ ಡೊಮಿಂಗೊ ಪೇಸ್ ಇಲ್ಲಿಯ ಜಟ್ಟಿಕಾಳಗ ತಮ್ಮ ದೇಶದ ಕುಸ್ತಿಯಂತಲ್ಲವೆಂದು ಬರೆದಿದ್ದಾನೆ. ಹಲ್ಲು ಮುರಿಯುವಂತೆಯೂ ಕಣ್ಣು ಹೋಗುವಂತೆಯೂ ಮುಖ ವಿಕಾರವಾಗುವಂತೆಯೂ ಏಟುಗಳು ಬೀಳುತ್ತಿದ್ದವು. ಮಾತು ನಿಂತುಹೋದವರನ್ನು ಸ್ನೇಹಿತರು ಹೊತ್ತೊಯ್ಯುತ್ತಿದ್ದರು. ಆದರೆ ಅದೇ ಲೇಖಕನು ಇನ್ನೊಂದು ಸಂಗತಿಯನ್ನೂ ಗಮನಿಸಿದ್ದಾನೆ. ಜೋಡಿಗಳನ್ನು ಸಮಬಲದಲ್ಲಿ ನಿಲ್ಲಿಸುವುದಕ್ಕೂ ಗೆದ್ದವನಿಗೆ ಸಲ್ಲಬೇಕಾದ ಮರ್ಯಾದೆಯನ್ನು ಸಲ್ಲಿಸುವುದಕ್ಕೂ ನಾಯಕರು ಮತ್ತು ತೀರ್ಪುಗಾರರು ಅಲ್ಲಿ ನೇಮಕವಾಗಿದ್ದರು. ಮುಂದೆ ಅಚ್ಯುತರಾಯನ ಕಾಲದಲ್ಲಿ ಬರೆದ ನ್ಯೂನಿಜನು ಆಯುಧದ ದ್ವಂದ್ವವನ್ನು ಕುರಿತು, ಮಂತ್ರಿಯ ಅಪ್ಪಣೆಯಿಲ್ಲದೆ ಯಾರೂ ಹೋರಾಡುವಂತಿರಲಿಲ್ಲವೆಂದೂ, ಸತ್ತವನ ಆಸ್ತಿ ಉಳಿದವನಿಗೆ ಸೇರುತ್ತಿತ್ತೆಂದೂ ತಿಳಿಸುತ್ತಾನೆ. ಹೀಗೆ ಒಂದೇ ರಾಜ್ಯದಲ್ಲಿ ಎರಡು ಬಗೆಯ ಕಾಳಗಗಳಿದ್ದವು: ಒಂದರ ಕೊನೆ ತೀರ್ಪುಗಾರರ ಕೈಯಲ್ಲಿ, ಇನ್ನೊಂದರ ಕೊನೆ ಸಾವಿನಲ್ಲಿ. ಎರಡಕ್ಕೂ ಅಪ್ಪಣೆ ಅರಮನೆಯದೇ.

೩

ವಿಜಯನಗರದ ಮಹಾನವಮಿಯ ಸಂಪ್ರದಾಯವನ್ನು ರಾಜ ಒಡೆಯರು ೧೬೧೦ರಲ್ಲಿ ಶ್ರೀರಂಗಪಟ್ಟಣದಲ್ಲಿ ಮುಂದುವರಿಸಿದರೆಂಬುದು ಪ್ರಸಿದ್ಧ. ಮೈಸೂರು ದಸರೆಯ ಜಟ್ಟಿಕಾಳಗವನ್ನು ಹತ್ತೊಂಬತ್ತನೆಯ ಶತಮಾನದ ಆದಿಯಲ್ಲಿ ಕಂಡು ವರ್ಣಿಸಿದವನು ಇಲ್ಲಿ ಬ್ರಿಟಿಷ್ ರೆಸಿಡೆಂಟನಾಗಿದ್ದ ಮಾರ್ಕ್ ವಿಲ್ಕ್ಸ್. ೧೮೧೦ರಿಂದ ೧೮೧೭ರವರೆಗೆ ಮೂರು ಸಂಪುಟಗಳಲ್ಲಿ ಹೊರಬಂದ ಅವನ ಇತಿಹಾಸದಲ್ಲಿ ಈ ವರ್ಣನೆ ಬರುತ್ತದೆ. ಜಟ್ಟಿಗಳು ಒಂದು ಪ್ರತ್ಯೇಕ ಕುಲದವರೆಂದೂ ಬಾಲ್ಯದಿಂದಲೇ ಈ ವಿದ್ಯೆಯಲ್ಲಿ ಪಳಗಿದವರೆಂದೂ ಅವನು ಹೇಳುತ್ತಾನೆ. ಜಟ್ಟಿ ಎಂಬ ಹೆಸರನ್ನು ಜ್ಯೇಷ್ಠಿ ಶಬ್ದದೊಡನೆ ಕೂಡಿಸುವುದು ವಾಡಿಕೆ. ಗುಜರಾತಿನ ಮೊಢೇರದ ಜ್ಯೇಷ್ಠಿಮಲ್ಲರ ಕುಲಪುರಾಣವಾದ ‘ಮಲ್ಲಪುರಾಣ’ವು ೧೯೬೪ರಲ್ಲಿ ಬರೋಡೆಯಿಂದ ಪ್ರಕಟವಾದ ಮೇಲೆ ಈ ಸಂಬಂಧದ ವಿಚಾರಕ್ಕೆ ಒಳ್ಳೆಯ ಆಧಾರ ದೊರೆತಂತಾಯಿತು.

ವಿಲ್ಕ್ಸನ ವರ್ಣನೆಯಲ್ಲಿ ಮೂರು ಅಂಶಗಳು ಗಮನಾರ್ಹವಾಗಿವೆ. ಮೊದಲನೆಯದು ಆಯುಧದ ರಚನೆ. ಕೋಣದ ಕೊಂಬಿನಿಂದ ಮಾಡಿದ, ಗೆಣ್ಣುಗಳಂತೆ ನಾಲ್ಕು ಚೂಪಾದ ಮೊನೆಗಳೂ ಕಿರುಬೆರಳಿನ ಕಡೆಗೆ ಇನ್ನೊಂದು ದೊಡ್ಡ ಮೊನೆಯೂ ಉಳ್ಳ ವಜ್ರಮುಷ್ಟಿಯನ್ನು ಬಲಗೈಗೆ ತೊಡುತ್ತಿದ್ದರು. ಸರಿಯಾಗಿ ಹಿಡಿದು ಹೊಡೆದರೆ ಸಾಮಾನ್ಯ ಬಲದವನೂ ಒಂದೇ ಏಟಿಗೆ ತಲೆಯನ್ನು ಸೀಳಬಹುದಾಗಿತ್ತು. ಆದರೆ ಅದನ್ನು ಬೆರಳುಗಳ ನಡುಗೆಣ್ಣಿನ ಬಳಿ ಸಿಕ್ಕಿಸುತ್ತಿದ್ದುದರಿಂದ, ಬಲವಾಗಿ ಹೊಡೆದವನ ಬೆರಳುಗಳೇ ಕೀಲು ತಪ್ಪುವ ಭಯವಿತ್ತು. ಎರಡನೆಯದು, ಏಟು ಬೀಳಬೇಕಾದದ್ದು ತಲೆಗೆ ಮಾತ್ರ. ಬೇರೆ ಅಂಗಗಳಿಗೆ ಹೊಡೆಯುವಂತಿಲ್ಲ. ಮೂರನೆಯದು ಕೊನೆಯ ರೀತಿ. ಜಯವು ಒಬ್ಬನ ಕಡೆಗೆ ತಿರುಗಿತೆಂದು ತೋರಿದಾಗ, ಅಥವಾ ಹೋರಾಟವು ಮಿತಿಮೀರಿತೆನಿಸಿದಾಗ, ರಾಜನ ಬಳಿ ಇದ್ದ ಮಧ್ಯಸ್ಥರು ಇಬ್ಬರಿಗೂ ಕೊಡತಕ್ಕ ಪೇಟ ಮತ್ತು ವಸ್ತ್ರಗಳನ್ನು ಕಣಕ್ಕೆ ಎಸೆದು ನಿಲ್ಲಿಸುತ್ತಿದ್ದರು. ಅಷ್ಟು ಹೊತ್ತಿಗೆ ನೆತ್ತಿಯಿಂದ ಇಳಿದ ರಕ್ತ ಎಷ್ಟೋ ಸಲ ಮರಳಿನವರೆಗೆ ಹರಿದಿರುತ್ತಿತ್ತು. ಗೆದ್ದವನಿಗೆ ಸಾಮಾನ್ಯವಾಗಿ ಸಿಗುತ್ತಿದ್ದ ಫಲ ಐದು ತರಗತಿಗಳಲ್ಲಿ ಒಂದು ಮೆಟ್ಟಿಲು ಮೇಲೇರುವುದು.

ನಿಲ್ಲಿಸುವ ಸನ್ನೆಯೇ ಬಹುಮಾನವಾಗಿರುವುದನ್ನು ಗಮನಿಸಬೇಕು. ಸೋಲುತ್ತಿರುವವನು ತಾನಾಗಿ ‘ಸಾಕು’ ಎನ್ನಬೇಕಾಗಿಲ್ಲ. ಪ್ರಭುವಿನ ಉಡುಗೊರೆ ಬಿದ್ದ ಮೇಲೆ ಹೋರಾಟವನ್ನು ಬಿಡುವುದರಲ್ಲಿ ಅವಮಾನವಿಲ್ಲ. ಜಟ್ಟಿಯ ಪ್ರಾಣವನ್ನೂ ಮಾನವನ್ನೂ ಒಟ್ಟಿಗೆ ಉಳಿಸುವ ಉಪಾಯ ಇದು. ಇದರ ದೋಷವೂ ಸ್ಪಷ್ಟ: ನಿಲ್ಲಿಸುವವನು ತಡಮಾಡಿದರೆ ಕೇಳುವವರಿಲ್ಲ.

ಇದರೊಡನೆ ಇಂಗ್ಲೆಂಡಿನ ಮುಷ್ಟಿಯುದ್ಧವನ್ನು ಹೋಲಿಸಿದರೆ ಕುತೂಹಲಕಾರಿಯಾದ ವ್ಯತ್ಯಾಸ ಗೋಚರಿಸುತ್ತದೆ. ೧೭೪೩ರ ಬ್ರೌಟನ್ ನಿಯಮಗಳಲ್ಲಿ ಕೆಳಗೆ ಬಿದ್ದವನನ್ನು ಹೊಡೆಯುವುದು ನಿಷಿದ್ಧವಾಯಿತು. ಬಿದ್ದವನು ಅರ್ಧ ನಿಮಿಷದೊಳಗೆ ಮತ್ತೆ ಗೆರೆಗೆ ಬಾರದಿದ್ದರೆ ಅವನು ಸೋತಂತೆ. ಬರಿಗೈಯ ಆ ಕಾಳಗದಲ್ಲಿ ಹಿಡಿದು ಎಸೆಯುವುದಕ್ಕೂ ಅವಕಾಶವಿದ್ದಿತು. ೧೮೬೭ರಲ್ಲಿ ಪ್ರಕಟವಾದ ಕ್ವೀನ್ಸ್‌ಬೆರಿ ನಿಯಮಗಳು ಕೈಗವಸು, ಮೂರು ನಿಮಿಷದ ಸುತ್ತು, ಹತ್ತು ಸೆಕೆಂಡುಗಳ ಗಡುವು ಇವುಗಳನ್ನು ತಂದು, ತಬ್ಬುವುದನ್ನೂ ಕೆಡವುವುದನ್ನೂ ನಿಷೇಧಿಸಿದುವು. ಬರಿಗೈಯ ಹಳೆಯ ಪದ್ಧತಿಯ ಕೊನೆಯ ದೊಡ್ಡ ಪಂದ್ಯ ೧೮೮೯ರಲ್ಲಿ ಸಲ್ಲಿವನ್ ಮತ್ತು ಕಿಲ್ರೈನರ ನಡುವೆ ೭೫ ಸುತ್ತುಗಳವರೆಗೆ ನಡೆಯಿತು. ಕೈಗವಸನ್ನು ದಯೆಯ ಕುರುಹೆಂದು ಭಾವಿಸುವುದುಂಟು. ಆದರೆ ಗವಸು ಕಾಪಾಡುವುದು ಮುಖ್ಯವಾಗಿ ಹೊಡೆಯುವವನ ಕೈಯನ್ನು. ಬರಿಗೈಯವನು ಗಟ್ಟಿಯಾದ ತಲೆಬುರುಡೆಗೆ ಹೊಡೆಯಲು ಅಳುಕುತ್ತಾನೆ. ಗವಸು ತೊಟ್ಟವನಿಗೆ ಆ ಅಳುಕಿಲ್ಲ. ವಜ್ರಮುಷ್ಟಿಯು ನೋಡಲು ಕ್ರೂರ, ಆದರೆ ಹೊಡೆಯುವವನ ಬೆರಳನ್ನೇ ಒತ್ತೆಯಿಟ್ಟು ಏಟಿನ ಬಲವನ್ನು ತಗ್ಗಿಸುತ್ತದೆ. ಕೈಗವಸು ನೋಡಲು ಮೃದು, ಆದರೆ ಏಟಿನ ಬಲಕ್ಕೆ ಇದ್ದ ತಡೆಯನ್ನು ತೆಗೆಯುತ್ತದೆ. ೧೯೮೨ರಲ್ಲಿ ಕೊರಿಯದ ಕಿಮ್ ಡುಕ್ ಕೂ ಪಂದ್ಯದಲ್ಲಿ ತಲೆಗೆ ಬಿದ್ದ ಏಟುಗಳಿಂದ ಮಡಿದ ಮೇಲೆ ವಿಶ್ವ ಬಾಕ್ಸಿಂಗ್ ಮಂಡಲಿಯು ಪ್ರಶಸ್ತಿ ಪಂದ್ಯಗಳ ಸುತ್ತುಗಳನ್ನು ಹದಿನೈದರಿಂದ ಹನ್ನೆರಡಕ್ಕೆ ಇಳಿಸಿತು. ರಕ್ತದ ತೋರಿಕೆಯಿಂದ ಒಂದು ಕಾಳಗದ ಅಪಾಯವನ್ನು ಅಳೆಯಲಾಗದೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

೪

ಇನ್ನು ಎರಡನೆಯ ರೀತಿ, ಎಂದರೆ ಸೋತವನ ಒಪ್ಪಿಗೆ. ಪ್ರಾಚೀನ ಗ್ರೀಸಿನ ಪಂಕ್ರೇಷನ್ ಎಂಬ ಕಾಳಗವು ಕ್ರಿ. ಪೂ. ೬೪೮ರಲ್ಲಿ ಒಲಿಂಪಿಕ್ ಕ್ರೀಡೆಗಳಿಗೆ ಸೇರಿತು. ಅದರಲ್ಲಿ ಹೊಡೆತ, ಒದೆತ, ಹಿಡಿತ, ಕತ್ತು ಅಮುಕುವುದು ಎಲ್ಲಕ್ಕೂ ಎಡೆಯಿತ್ತು. ಕಚ್ಚುವುದು ಮತ್ತು ಕಣ್ಣಿಗೆ ಬೆರಳು ಹಾಕುವುದು ನಿಷಿದ್ಧವಾಗಿದ್ದವು. ಬೆರಳನ್ನು ಮೇಲೆತ್ತಿದವನು ಸೋತಂತೆ. ಸುತ್ತುಗಳೂ ಇಲ್ಲ, ಕಾಲದ ಮಿತಿಯೂ ಇಲ್ಲ. ಹೋರಾಡುವವನ ಇಚ್ಛೆಗೆ ಇಷ್ಟು ಬೆಲೆ ಕೊಟ್ಟ ನಿಯಮ ಮೇಲುನೋಟಕ್ಕೆ ಬಹಳ ನ್ಯಾಯವಾದದ್ದು. ಆದರೆ ಕ್ರಿ. ಪೂ. ೫೬೪ರಲ್ಲಿ ಅರ್ರಿಖಿಯನ್ ಎಂಬ ಪಟುವಿಗೆ ಒದಗಿದ ಗತಿಯನ್ನು ಗ್ರೀಕ್ ಲೇಖಕರು ದಾಖಲಿಸಿದ್ದಾರೆ. ಎದುರಾಳಿಯು ಅವನ ಕತ್ತನ್ನು ಅಮುಕುತ್ತಿದ್ದಾಗ ಅವನು ಎದುರಾಳಿಯ ಕಾಲನ್ನು ತಿರುಚಿದನು. ನೋವು ತಾಳಲಾರದೆ ಎದುರಾಳಿಯು ಬೆರಳೆತ್ತಿದನು. ಅದೇ ಕ್ಷಣದಲ್ಲಿ ಅರ್ರಿಖಿಯನ್ ಉಸಿರುಕಟ್ಟಿ ಸತ್ತನು. ಒಪ್ಪಿಕೊಂಡವನು ಎದುರಾಳಿಯಾದುದರಿಂದ ಜಯದ ಕಿರೀಟ ಶವಕ್ಕೆ ಸಂದಿತು. ಸೋಲನ್ನು ಒಪ್ಪಿಕೊಳ್ಳುವ ಹಕ್ಕು ಇದ್ದರೆ ಸಾಲದು, ಒಪ್ಪಿಕೊಂಡವನನ್ನು ಸಮಾಜವು ಹೀಯಾಳಿಸದೆ ಇರಬೇಕು ಎಂಬುದನ್ನು ಈ ಪ್ರಸಂಗ ತಿಳಿಸುತ್ತದೆ.

ಒಪ್ಪಿಗೆಯಿಂದ ಕಾಳಗವನ್ನು ಮುಗಿಸುವ ಪದ್ಧತಿಗೆ ಶಿಕ್ಷಣದ ರೂಪವನ್ನು ಕೊಟ್ಟವರಲ್ಲಿ ಜಪಾನಿನ ಕಾನೋ ಜಿಗೊರೋ ಪ್ರಮುಖನು. ಹಳೆಯ ಜುಜುತ್ಸು ಪಂಥಗಳಲ್ಲಿ ಅಭ್ಯಾಸಮಾಡಿದ್ದ ಇವನು ೧೮೮೨ರಲ್ಲಿ ಟೋಕಿಯೋ ನಗರದ ಒಂದು ಬೌದ್ಧ ದೇವಾಲಯದಲ್ಲಿ ಕೊಡೊಕಾನ್ ಶಾಲೆಯನ್ನು ಆರಂಭಿಸಿದನು. ಅಂಗೈಯಿಂದ ತಟ್ಟಿ ಸೋಲೊಪ್ಪಿಕೊಳ್ಳುವುದು ಅಲ್ಲಿ ದಿನನಿತ್ಯದ ಅಭ್ಯಾಸ, ಅದರಲ್ಲಿ ಅವಮಾನವಿಲ್ಲ. ಕಾನೋ ಮಾಡಿದ ಮುಖ್ಯವಾದ ಕೆಲಸ ವಿದ್ಯೆಯನ್ನು ಎರಡು ಕವಲಾಗಿ ಒಡೆದದ್ದು. ಬಲವನ್ನೆಲ್ಲ ಉಪಯೋಗಿಸಿ ಸೆಣಸುವ ಅಭ್ಯಾಸದಿಂದ ಏಟುಗಳನ್ನೂ ಅತ್ಯಂತ ಅಪಾಯಕರವಾದ ಪಟ್ಟುಗಳನ್ನೂ ಹೊರಗಿಟ್ಟನು. ಆದರೆ ಹಾಗೆ ಹೊರಗಿಟ್ಟವನ್ನು ನಾಶವಾಗಲು ಬಿಡದೆ, ‘ಕತಾ’ ಎಂಬ ಗೊತ್ತುಪಡಿಸಿದ ಅನುಕ್ರಮದಲ್ಲಿ ಉಳಿಸಿ ಕಲಿಸಿದನು. ಕಣದಲ್ಲಿ ತೋರಲಾಗದ ವಿದ್ಯೆಗೆ ಪಾಠದಲ್ಲಿ ಸ್ಥಾನ ದೊರೆಯಿತು. ಈ ಅಂಶವನ್ನು ಮುಂದೆ ಮತ್ತೆ ನೆನೆಯಬೇಕಾಗಿದೆ.

೫

ಮೂರನೆಯ ಮತ್ತು ನಾಲ್ಕನೆಯ ರೀತಿಗಳ ಸಂಬಂಧವನ್ನು ತಿಳಿಯಲು ಗಾಮಾ ಪೈಲ್ವಾನನ ಎರಡು ಪಂದ್ಯಗಳು ಸಾಕು. ನಮ್ಮ ನಾಡಕುಸ್ತಿಯಲ್ಲಿ ಎದುರಾಳಿಯನ್ನು ಚಿತ್ ಮಾಡುವುದೇ, ಎಂದರೆ ಬೆನ್ನನ್ನು ಮಟ್ಟಿಗೆ ತಾಗಿಸುವುದೇ ಗೆಲವು. ಬೋರಲಾಗಿ ಬಿದ್ದರೆ ಸೋಲಲ್ಲ. ೧೯೧೦ರ ಸೆಪ್ಟೆಂಬರ್ ೧೦ರಂದು ಲಂಡನ್ನಿನಲ್ಲಿ ಗಾಮಾ ಪೋಲೆಂಡಿನ ಸ್ಟಾನಿಸ್ಲಾಸ್ ಜ್ಬಿಸ್ಕೋನನ್ನು ಎದುರಿಸಿದನು. ಬೇಗನೆ ಕೆಳಕ್ಕೆ ಬಿದ್ದ ಜ್ಬಿಸ್ಕೋ ತನ್ನ ಭಾರವಾದ ದೇಹವನ್ನು ನೆಲಕ್ಕೆ ಒತ್ತಿಕೊಂಡು ಎರಡೂವರೆ ಗಂಟೆಗೂ ಮಿಕ್ಕಿ ರಕ್ಷಣೆಯಲ್ಲಿಯೇ ಉಳಿದನು. ಪಂದ್ಯ ಸಮವಾಯಿತು. ಮುಂದಿನ ವಾರದ ಮರುಪಂದ್ಯಕ್ಕೆ ಅವನು ಬಾರದೆ ಇದ್ದುದರಿಂದ ಜಯ ಗಾಮಾನಿಗೆ ಸಂದಿತು. ೧೯೨೮ರಲ್ಲಿ ಪಟಿಯಾಲದಲ್ಲಿ ಅದೇ ಇಬ್ಬರು ಸೆಣಸಿದಾಗ ಗಾಮಾ ಒಂದು ನಿಮಿಷದೊಳಗೆ ಗೆದ್ದನು. ಗುರುತು ಒಂದೇ, ಪಟುಗಳು ಅವರೇ. ಒಂದು ಸಲ ಎರಡೂವರೆ ಗಂಟೆ, ಇನ್ನೊಂದು ಸಲ ಒಂದು ನಿಮಿಷ. ಗುರುತಿನಿಂದ ಮಾತ್ರ ಕೊನೆಗೊಳ್ಳುವ ಕಾಳಗವು ಸೋಲಬಾರದೆಂದು ಹಟತೊಟ್ಟವನ ಮುಂದೆ ಕೊನೆಯನ್ನೇ ಕಾಣದೆ ಹೋಗಬಹುದು. ಆ ಕೊರತೆಯನ್ನು ತುಂಬಲೆಂದೇ ಗಡಿಯಾರವೂ, ಗಡಿಯಾರದ ಹಿಂದೆಯೇ ಅಂಕಗಳ ಎಣಿಕೆಯೂ ಬಂದವು.

ಈ ಶತಮಾನದ ಓದುಗರಿಗೆ ಹತ್ತಿರವಾದ ಇನ್ನೊಂದು ನಿದರ್ಶನವಿದೆ. ಯಾವ ಮಲ್ಲವಿದ್ಯೆ ಮೇಲು ಎಂಬ ಪ್ರಶ್ನೆಯನ್ನು ಕಣದಲ್ಲಿಯೇ ತೀರ್ಮಾನಿಸುವೆವೆಂದು ೧೯೯೩ರಲ್ಲಿ ಅಮೆರಿಕದ ಡೆನ್ವರ್ ನಗರದಲ್ಲಿ ಅಲ್ಟಿಮೇಟ್ ಫೈಟಿಂಗ್ ಚಾಂಪಿಯನ್‌ಷಿಪ್ ಆರಂಭವಾಯಿತು. ತೂಕದ ವಿಭಾಗಗಳಿರಲಿಲ್ಲ, ಅಂಕಗಳಿರಲಿಲ್ಲ. ಕಚ್ಚುವುದೂ ಕಣ್ಣಿಗೆ ಬೆರಳು ಹಾಕುವುದೂ, ಗ್ರೀಸಿನಲ್ಲಿದ್ದಂತೆಯೇ, ನಿಷಿದ್ಧವಾಗಿದ್ದವು. ಜುಜುತ್ಸುವಿನ ಬ್ರೆಜಿಲ್ ಶಾಖೆಯ ರಾಯ್ಸ್ ಗ್ರೇಸಿ ತನಗಿಂತ ಭಾರವಾದವರಿಂದ ಸೋಲೊಪ್ಪಿಸಿ ಗೆದ್ದನು. ತಾಳ್ಮೆಯಿಂದ ನೆಲದ ಮೇಲೆ ಕಾಯಬಲ್ಲ ವಿದ್ಯೆಗೆ ಗಡಿಯಾರವಿಲ್ಲದ ಕಣ ಅನುಕೂಲವಾಗಿತ್ತು. ೧೯೯೫ರಲ್ಲಿ ಕಾಲದ ಮಿತಿ ಬಂದಿತು. ಅದೇ ವರ್ಷ ಗ್ರೇಸಿ ಮತ್ತು ಕೆನ್ ಷಾಮ್‌ರಾಕರ ಪಂದ್ಯ ೩೬ ನಿಮಿಷಗಳ ತರುವಾಯ ಸಮವಾಯಿತು. ಮುಂದೆ ಸುತ್ತುಗಳು, ತೂಕದ ವಿಭಾಗಗಳು, ತೀರ್ಪುಗಾರರು ಎಲ್ಲವೂ ಸೇರಿಕೊಂಡ ಮೇಲೆ ಒಂದೇ ವಿದ್ಯೆಯನ್ನು ನೆಚ್ಚಿದವರ ಕಾಲ ಮುಗಿದು, ಹಲವು ವಿದ್ಯೆಗಳನ್ನು ಕಲಿತವರ ಕಾಲ ಬಂದಿತು. ವಿದ್ಯೆಗಳ ತಾರತಮ್ಯವನ್ನು ಅಳೆಯಲು ಹೊರಟ ಪ್ರಯೋಗವು ಅಳೆದದ್ದು ತನ್ನ ನಿಯಮಗಳನ್ನೇ.

ನಿಯಮವು ವಿದ್ಯೆಯನ್ನು ಕತ್ತರಿಸುವುದನ್ನು ಜೂಡೋದ ಈಚಿನ ಚರಿತ್ರೆಯಲ್ಲಿಯೂ ಕಾಣಬಹುದು. ೧೯೬೪ರಲ್ಲಿ ಒಲಿಂಪಿಕ್ ಕ್ರೀಡೆಗಳಿಗೆ ಸೇರಿದ ಈ ವಿದ್ಯೆಯಲ್ಲಿ ಕೈಯಿಂದ ಕಾಲನ್ನು ಹಿಡಿದು ಕೆಡವುವ ಪಟ್ಟುಗಳಿಗೆ ೨೦೧೦ರಿಂದ ನಿರ್ಬಂಧ ಬಂದು, ೨೦೧೩ರಲ್ಲಿ ಅವು ಸಂಪೂರ್ಣವಾಗಿ ನಿಷಿದ್ಧವಾದವು. ಪಂದ್ಯಕ್ಕಾಗಿಯೇ ಕಲಿಯುವ ಹುಡುಗನು ನಿಷಿದ್ಧವಾದ ಪಟ್ಟನ್ನು ಕಲಿಯುವುದಿಲ್ಲ. ಕಲಿಯದವನು ಮುಂದಿನವರಿಗೆ ಕಲಿಸಲಾರನು. ಇಂಗ್ಲೆಂಡಿನ ಮುಷ್ಟಿಯುದ್ಧವು ೧೮೬೭ರ ಅನಂತರ ತನ್ನ ಎಸೆತಗಳನ್ನು ಮರೆತದ್ದೂ ಹೀಗೆಯೇ.

೬

ಈ ಹೋಲಿಕೆಯಿಂದ ಹೊರಡುವ ತೀರ್ಮಾನಗಳನ್ನು ಸಂಗ್ರಹವಾಗಿ ಹೇಳಬಹುದು. ಒಂದನೆಯದಾಗಿ, ಮಲ್ಲವಿದ್ಯೆಗಳ ಸ್ವರೂಪವನ್ನು ನಿರ್ಣಯಿಸುವುದರಲ್ಲಿ ಪಟ್ಟುಗಳಿಗಿಂತ ಮುಕ್ತಾಯದ ನಿಯಮ ಪ್ರಬಲವಾದದ್ದು. ಎರಡನೆಯದಾಗಿ, ಆ ನಿಯಮವು ಆಯಾ ಸಮಾಜದಲ್ಲಿ ಅಧಿಕಾರ ಎಲ್ಲಿತ್ತೆಂಬುದನ್ನು ತೋರಿಸುತ್ತದೆ: ಅರಮನೆಯಲ್ಲಿ ಪ್ರಭು, ಗ್ರೀಸಿನ ನಗರಗಳಲ್ಲಿ ಸ್ಪರ್ಧಿಯ ಮಾನ, ಆಧುನಿಕ ಕಾಲದಲ್ಲಿ ಸಂಘಸಂಸ್ಥೆಗಳು ಮತ್ತು ಗಡಿಯಾರ. ಮೂರನೆಯದಾಗಿ, ನಿಯಮ ಬದಲಾದಾಗ ವಿದ್ಯೆಯ ಯಾವುದೋ ಒಂದು ಭಾಗ ಕಣದಿಂದ ಮರೆಯಾಗುತ್ತದೆ. ಅದನ್ನು ಬೇರೆಡೆ ಉಳಿಸದಿದ್ದರೆ ಒಂದೆರಡು ತಲೆಮಾರುಗಳಲ್ಲಿ ಅಳಿದುಹೋಗುತ್ತದೆ.

ಮೂರನೆಯ ತೀರ್ಮಾನವು ನಮಗೆ ಅತ್ಯಂತ ಸಮೀಪವಾದ ವಜ್ರಮುಷ್ಟಿಗೂ ಅನ್ವಯಿಸುತ್ತದೆ. ರಾಜ್ಯಾಧಿಕಾರವು ಹೋದ ಮೇಲೂ ಮೈಸೂರು ಅರಮನೆಯಲ್ಲಿ ವಿಜಯದಶಮಿಯ ದಿನ, ಜಂಬೂಸವಾರಿಗೆ ಮುನ್ನ, ಜಟ್ಟಿಗಳ ಕಾಳಗ ನಡೆದುಕೊಂಡು ಬಂದಿದೆ. ಮೈಸೂರು, ಚಾಮರಾಜನಗರ, ಚನ್ನಪಟ್ಟಣ, ಬೆಂಗಳೂರುಗಳ ಜಟ್ಟಿಮನೆತನದವರು ತಲೆ ಬೋಳಿಸಿಕೊಂಡು ಕಣಕ್ಕೆ ಇಳಿಯುತ್ತಾರೆ. ಆದರೆ ಈಗ ಒಬ್ಬನ ನೆತ್ತಿಯಲ್ಲಿ ರಕ್ತ ಕಾಣಿಸಿದೊಡನೆಯೇ ಕಾಳಗವನ್ನು ನಿಲ್ಲಿಸಲಾಗುತ್ತದೆ. ಎಷ್ಟೋ ಸಲ ಅದು ಒಂದು ನಿಮಿಷವನ್ನೂ ಮುಟ್ಟುವುದಿಲ್ಲ. ವಿಲ್ಕ್ಸ್ ಕಂಡ ಕಾಲದಲ್ಲಿ ರಕ್ತವು ಕಾಳಗದ ನಡುವಿನ ಸಂಗತಿ, ಇಂದು ಅದೇ ಕೊನೆ. ಪ್ರಭುವಿನ ಸನ್ನೆಯಿಂದ ಮುಗಿಯುತ್ತಿದ್ದ ಕಾಳಗವು ದೇಹದ ಗುರುತಿನಿಂದ ಮುಗಿಯುವ ಕಾಳಗವಾಗಿ ಮಾರ್ಪಟ್ಟಿದೆ. ಮಾನವೀಯ ದೃಷ್ಟಿಯಿಂದ ಈ ಮಾರ್ಪಾಟು ಸ್ವಾಗತಾರ್ಹವೇ ಸರಿ. ಹಿಂದಿನ ರೀತಿಯನ್ನು ಮರಳಿ ತರಬೇಕೆಂದು ಯಾರೂ ವಾದಿಸಲಾರರು. ಆದರೆ ವಿಲ್ಕ್ಸನೇ ಹೇಳುವಂತೆ ಇದು ಕುಸ್ತಿ ಮತ್ತು ಮುಷ್ಟಿ ಎರಡೂ ಬೆರೆತ ವಿದ್ಯೆ. ಮೊದಲ ಗಾಯಕ್ಕೆ ಮುಗಿಯುವ ಕಣದಲ್ಲಿ ಹಿಡಿತಗಳನ್ನು ತೋರುವುದಕ್ಕೆ ಅವಕಾಶವೆಲ್ಲಿ? ನೋಡಿದವರು ನೆನಪಿಟ್ಟುಕೊಳ್ಳುವುದು ರಕ್ತವನ್ನೇ ಹೊರತು ವಿದ್ಯೆಯನ್ನಲ್ಲ.

ಆದುದರಿಂದ ಕಾನೋ ಜಿಗೊರೋ ತನ್ನ ಶಾಲೆಯಲ್ಲಿ ಮಾಡಿದ ಕೆಲಸವನ್ನು ನಮ್ಮಲ್ಲಿ ಜಟ್ಟಿಮನೆತನಗಳೂ ವಿಶ್ವವಿದ್ಯಾನಿಲಯಗಳೂ ಕೂಡಿ ಮಾಡಬೇಕಾಗಿದೆ. ಜಟ್ಟಿಮನೆತನಗಳ ಹಿರಿಯರಿಗೆ ತಿಳಿದಿರುವ ಹಿಡಿತ, ಬಿಡಿಸುವಿಕೆ, ನಿಲುವುಗಳನ್ನು ಅವರ ಮಾತಿನಲ್ಲಿಯೇ, ಅವರಿಟ್ಟ ಹೆಸರುಗಳಿಂದಲೇ ಬರೆದಿಡಬೇಕು. ಛಾಯಾಚಿತ್ರ, ಚಲನಚಿತ್ರಗಳ ನೆರವನ್ನೂ ಪಡೆಯಬೇಕು. ಮಾನಸೋಲ್ಲಾಸದ ಮತ್ತು ಮಲ್ಲಪುರಾಣದ ಪಾರಿಭಾಷಿಕ ಶಬ್ದಗಳೊಡನೆ ಅವನ್ನು ಹೋಲಿಸಿ ನೋಡಬೇಕು. ಸಂಸ್ಕೃತ ಬಲ್ಲವರೂ ಇತಿಹಾಸ ಬಲ್ಲವರೂ ಗರಡಿಯ ಉಸ್ತಾದರೂ ಒಟ್ಟಿಗೆ ಕುಳಿತರೆ ಮಾತ್ರ ಸಾಧ್ಯವಾಗುವ ಕಾರ್ಯ ಇದು. ಸ್ನಾತಕೋತ್ತರ ತರಗತಿಯ ವಿದ್ಯಾರ್ಥಿಗಳಿಗೆ ಇದಕ್ಕಿಂತ ಒಳ್ಳೆಯ ಕ್ಷೇತ್ರಕಾರ್ಯ ಸಿಕ್ಕುವುದು ದುರ್ಲಭ. ನಮ್ಮ ಮಲ್ಲವಿದ್ಯೆ ಮೇಲೋ ಅವರದು ಮೇಲೋ ಎಂಬ ಚರ್ಚೆಯನ್ನು ಅಷ್ಟರವರೆಗೆ ಮುಂದೂಡಿದರೆ ನಷ್ಟವೇನೂ ಆಗಲಾರದು.